ಕೊಬ್ಬಿನ ಪರ ವಾದಿಸಿದ ಡಾಕ್ಟರಮ್ಮ

ಡಾಕ್ಟರಮ್ಮನ ಬಲಗಾಲು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಮೇಜಿನ ಕೆಳಗೆ ಚಪ್ಪಲಿ ಕಳಚಿಟ್ಟು, ದಪ್ಪ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟುತ್ತಲೇ ನಮ್ಮ ನಾಡಿ ನೋಡುತ್ತಿದ್ದರು. ಪೀಣ್ಯದ ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಯ ದವಾಖಾನೆಗೆ ಅವರು ಬಂದದ್ದು ನಾನು ಲೈನ್ ಸೂಪರ್‌ವೈಸರ್ ಆದ ಹೊಸದರಲ್ಲಿ. ಆಳು ಒಳ್ಳೇ ದಪ್ಪ. ಕೊಬ್ಬು, ಹೃದಯ ಅಂತ ಶುರು ಮಾಡಿದರೆ ಹುಡುಗಿಯರು ದುಪಟ್ಟಾ ಬಾಯಿಗಿಟ್ಟುಕೊಂಡು ನಗುತ್ತಿದ್ದರು. "ಮೊದ್ಲು ನನ್ನ ನೋಡಿ ನಕ್ಕು ಮುಗಿಸ್ರಮ್ಮ, ಆಮೇಲೆ ಹೇಳೋದು ಕೇಳಿ" ಅನ್ನುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ಹಿಂದಿನ ವರ್ಷವಷ್ಟೇ ನನ್ನಕ್ಕ ಮಾಕಳಿ ಬಸ್‌ಸ್ಟಾಪಿನಲ್ಲಿ ಬಸ್ಸು ಹಿಡಿಯಲು ನಾಲ್ಕು ಹೆಜ್ಜೆ ಓಡಿ ಕುಸಿದವಳು ಮತ್ತೆ ಏಳಲೇ ಇಲ್ಲ. ಹಾರ್ಟು ಅಂದರು. ಅವಳೂ ನನ್ನ ಹಾಗೇ ದಪ್ಪ. ನನ್ನ ಮಗಳು ಇನ್ನೂ ಸ್ಕೂಲಿಗೆ ಹೋಗುತ್ತಿದ್ದಳು. ನಾನೂ ಹಾಗೇ ಹೋದರೆ ಅವಳ ಗತಿಯೇನು ಅನ್ನುವ ದಿಗಿಲು ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ. ಮೂರನೇ ಮಹಡಿಗೆ ಹತ್ತಿದರೆ ಎದೆ ಡವಡವ. ಅಷ್ಟೊಂದು ಮೆಷಿನ್ನುಗಳ ಗದ್ದಲದಲ್ಲೂ ನನಗೆ ಅದೇ ಕೇಳಿಸುತ್ತಿತ್ತು.

"ಕೊಬ್ಬು ಅಂದ್ರೆ ಸುಮ್ನೆ ಹೊತ್ಕೊಂಡಿರೋ ಮೂಟೆ ಅಲ್ಲ ಕಣೇ," ಎಂದರು ಡಾಕ್ಟರಮ್ಮ, ನಾನು ತೋರಿಸಿಕೊಳ್ಳಲು ಹೋದಾಗ. "ಅದು ರಕ್ತಕ್ಕೆ ಹಾರ್ಮೋನ್ ಬಿಡುತ್ತೆ. ಕೆಲವು ಹೃದಯಕ್ಕೆ ಕಾಟ ಕೊಡ್ತವೆ, ಕೆಲವು ಕಾಯ್ತವೆ. ನೀನು ಮೈ ಬಗ್ಗಿಸದೆ ಕೂತ್ರೆ ಕಾಟದ್ದೇ ಜಾಸ್ತಿ. ದಿನಾ ನಡೆದ್ರೆ ಕಾಯೋವು ಹೆಚ್ಕೋತವೆ. ಆಗ ಮೆಟ್ಲು ಹತ್ತಿದ್ರೆ ಹೃದಯ ಇಷ್ಟು ಗಾಬರಿ ಬೀಳಲ್ಲ."

ನನ್ನ ಅವಸರದ ಬುದ್ಧಿಗೆ ಕೇಳಿಸಿದ್ದು ಅರ್ಧ. ಕಾಟ ಕೊಡೋದು ಕೊಬ್ಬೇ ತಾನೆ, ಅದನ್ನೇ ಇಲ್ಲದಂತೆ ಮಾಡಿದರಾಯಿತು ಅಂದುಕೊಂಡೆ. ನಮ್ಮ ಪ್ಯಾಕಿಂಗ್ ಸೆಕ್ಷನ್ನಿನ ಹೆಂಗಸರದ್ದೊಂದು ಶಾಸ್ತ್ರವಿತ್ತು: ಷರಟು ತುಂಬುವ ಪ್ಲಾಸ್ಟಿಕ್ ಕವರುಗಳನ್ನು ಹೊಟ್ಟೆಗೆ ಸುತ್ತಿ, ಟೇಪು ಅಂಟಿಸಿ, ಮೇಲೆ ಚೂಡಿದಾರ ಹಾಕಿಕೊಂಡು ಮೆಟ್ಟಿಲು ಹತ್ತಿಳಿದರೆ ಬೊಜ್ಜೆಲ್ಲ ಬೆವರಾಗಿ ಹೋಗುತ್ತದಂತೆ. ನಾನೂ ಸುತ್ತಿಕೊಂಡೆ. ಮಧ್ಯಾಹ್ನದ ಮುದ್ದೆ ಪಕ್ಕದವಳ ಪಾಲಾಯಿತು. ಒಂದು ದಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಬಿದ್ದೆ.

ದವಾಖಾನೆಯಲ್ಲಿ ಡಾಕ್ಟರಮ್ಮ ಕತ್ತರಿಯಿಂದ ಟೇಪು ಕತ್ತರಿಸುತ್ತ, "ಅಯ್ಯೋ ನಿನ್ನ! ನಿನ್ನನ್ನೇ ಪ್ಯಾಕ್ ಮಾಡ್ಕೊಂಡು ಯಾವ ದೇಶಕ್ಕೆ ಹೊರಟಿದ್ಯೇ?" ಅಂದರು.

ನನಗೆ ರೇಗಿಹೋಯಿತು. "ಇನ್ನೇನ್ ಮಾಡ್ಲಿ ಮೇಡಂ? ನಮ್ಮಕ್ಕನ್ ತರ ರೋಡಲ್ಲಿ ಬಿದ್ದು ಸಾಯ್ಲಾ? ಮಗಳನ್ನ ಯಾರು ನೋಡ್ಕೊಂತಾರೆ?"

ಅವರು ನನ್ನ ತಲೆ ಸವರಿದರು. "ಹೊಟ್ಟೆಗೆ ಹಾಕ್ದೆ ಇದ್ರೆ ಹೃದಯಾನೂ ಸೊರಗುತ್ತೆ ಕಣೇ. ಕೊಬ್ಬನ್ನ ಕೊಲ್ಲಕ್ಕೆ ಹೋಗ್ಬೇಡ, ದುಡಿಸು. ನಾಳೆಯಿಂದ ಉಂಡು ನನ್ನ ಜೊತೆ ನಡಿ."

ಅಂದಿನಿಂದ ಊಟದ ಬಿಡುವಿನಲ್ಲಿ ನಮ್ಮಿಬ್ಬರ ಸುತ್ತು ಶುರುವಾಯಿತು. ಬಾಯ್ಲರ್ ದಾಟಿ, ಜನರೇಟರ್ ದಾಟಿ, ಲೋಡ್ ಆಗುತ್ತಿದ್ದ ಲಾರಿಗಳ ಸಂದಿಯಲ್ಲಿ ನುಸುಳಿ. ಆ ಮೈ ಹೊತ್ತುಕೊಂಡು ಅವರು ಎಷ್ಟು ಬಿರುಸಾಗಿ ನಡೆಯುತ್ತಿದ್ದರೆಂದರೆ ನಾನು ಹಿಂದೆ ಬೀಳುತ್ತಿದ್ದೆ. "ಎರಡು ಡುಮ್ಮಿಗಳ ಮೆರವಣಿಗೆ" ಅಂತ ಸೆಕ್ಯೂರಿಟಿಯವನು ನಗುತ್ತಿದ್ದ. ಡಾಕ್ಟರಮ್ಮ ಅವನಿಗೆ ಕೈ ಬೀಸುತ್ತಿದ್ದರು.

ತಿಂಗಳುಗಳು ಕಳೆದರೂ ತೂಕ ಜಪ್ಪಯ್ಯ ಅಂದರೂ ಇಳಿಯಲಿಲ್ಲ. "ಸವೆದಿದ್ದು ನನ್ ಚಪ್ಪಲಿ ಒಂದೇ ಮೇಡಂ!" ಎಂದು ಸಿಡಿದೆ. ಅವರು ನನ್ನನ್ನು ಮೂರನೇ ಮಹಡಿಗೆ ಹತ್ತಿಸಿ, ನನ್ನ ಬೆರಳನ್ನು ನನ್ನದೇ ಮಣಿಕಟ್ಟಿನ ಮೇಲಿಟ್ಟರು. ನಾಡಿ ಜೋರಾಗಿ ಹಾರುತ್ತಿತ್ತು, ನೋಡನೋಡುತ್ತಲೇ ನಿಧಾನವಾಯಿತು. "ಮುಂಚೆ ಎಷ್ಟೊತ್ತು ಬಡ್ಕೋತಿತ್ತು, ಈಗ ನೋಡು. ಇದು ತಕ್ಕಡಿಗೆ ಕಾಣಲ್ಲ" ಅಂದರು. ಅಕ್ಕ ಹೋದ ಮೇಲೆ ಮೊದಲ ಸಲ ನಾನು ನಿರಾಳವಾಗಿ ಉಸಿರು ಬಿಟ್ಟೆ.

ಒಂದೆರಡು ವರ್ಷ ಕಳೆದು ಅವರು ಸಣ್ಣಗಾಗತೊಡಗಿದರು. ರವಿಕೆಗಳನ್ನು ತಂದು, "ಸ್ವಲ್ಪ ಹಿಡಿದು ಕೊಡೇ" ಎಂದರು. ನಾನು ಖುಷಿಯಿಂದ ಹೊಲಿಗೆ ಹಾಕಿಕೊಟ್ಟೆ. "ಏನ್ ಮೇಡಂ, ಗುಟ್ಟಾಗಿ ಕವರ್ ಸುತ್ಕೊಂಡ್ರಾ? ಸಕ್ಕತ್ತಾಗಿ ಕಾಣ್ತಿದೀರ" ಎಂದು ಛೇಡಿಸಿದೆ. ಫ್ಯಾಕ್ಟರಿಗೆ ಫ್ಯಾಕ್ಟರಿಯೇ ಅವರನ್ನು ಹೊಗಳಿತು. ಅವರು ನಕ್ಕರು, ಅಷ್ಟೆ. ಅವೇ ರವಿಕೆಗಳು ಮತ್ತೆ ಬಂದವು, ಮತ್ತೆ ಹಿಡಿದುಕೊಟ್ಟೆ.

ಒಂದು ಮಧ್ಯಾಹ್ನ ಬಾಯ್ಲರ್ ಹತ್ತಿರ ಗೋಡೆ ಹಿಡಿದು ನಿಂತುಬಿಟ್ಟರು. ಏದುಸಿರು. "ನಾನು ಇಳಿಸಿದ್ದಲ್ಲ ಕಣೇ, ತಾನಾಗೇ ಇಳೀತಿದೆ. ಹೊಟ್ಟೇಲಿ ಕೆಟ್ಟ ಗಡ್ಡೆ. ಕೊಬ್ಬೂ ಹೋಯ್ತು, ಹೃದಯಾನೂ ಸೋಲ್ತಿದೆ." ನಾನು ಅಲ್ಲೇ ಅಳತೊಡಗಿದೆ. "ಸುಮ್ನಿರು. ನೀನ್ಯಾಕೆ ನಿಂತೆ? ಸುತ್ತು ಮುಗಿಸ್ಕೊಂಡು ಬಾ, ಇಲ್ಲೇ ಕೂತಿರ್ತೀನಿ" ಎಂದು ಗದರಿಸಿದರು. ಕಣ್ಣೊರೆಸಿಕೊಳ್ಳುತ್ತ ಒಬ್ಬಳೇ ನಡೆದೆ. ಅದಾದ ಮೇಲೆ ಅವರು ಕೆಲಸಕ್ಕೆ ಬರಲಿಲ್ಲ.

ಅಕ್ಕ ಹೋದ ವಯಸ್ಸನ್ನು ನಾನು ಎಂದೋ ದಾಟಿದ್ದೇನೆ. ದಪ್ಪಗೇ ಇದ್ದೇನೆ, ಗಟ್ಟಿಯಾಗಿಯೂ ಇದ್ದೇನೆ; ಮಗಳು ದುಡಿಯುವುದನ್ನು ಕಣ್ಣಾರೆ ನೋಡಿದೆ. ಇದೆಲ್ಲ ಅವರು ಕೊಟ್ಟದ್ದು.

ಆದರೆ ಅವರನ್ನು ಕೊನೆಯದಾಗಿ ನೋಡಲು ಹೋದ ದಿನ ನೆನೆದರೆ ಈಗಲೂ ಜೀವ ಚಡಪಡಿಸುತ್ತದೆ. ಅಂಗಳದಲ್ಲಿ ಮಲಗಿಸಿದ್ದರು. ನೆಂಟರಲ್ಲೊಬ್ಬರು, "ಪಾಪ, ಎಷ್ಟು ಹಗುರ ಆಗ್ಬಿಟ್ಟಿದ್ರು ಅಂದ್ರೆ, ಒಳಗಿಂದ ಇಬ್ರೇ ಎತ್ಕೊಂಡು ಬಂದ್ವಿ" ಎಂದರು. ನನಗೆ ಕಿರುಚಬೇಕೆನ್ನಿಸಿತು. ಹತ್ತು ಜನ ಸೇರಿದರೂ ಎತ್ತಲಾಗದಷ್ಟು ದಪ್ಪಗೆ ಅವರು ನನಗೆ ಬೇಕಿತ್ತು.