ನೀರಿನಲ್ಲಿ ನೋಡಬೇಕಿದ್ದ ಅಳತೆ

ಮೊನ್ನೆ ಪುಣೆಯಲ್ಲಿ ಕಾತ್ರಜದ ಕಡೆ ಹೋಗುವ ಹಳೆಯ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತ್ತು. ವೇಗ ಹೆಚ್ಚಿದಂತೆ ಕಾಲಡಿಯ ತಗಡು ನಡುಗತೊಡಗಿತು. ಉಳಿದವರು ಮೊಬೈಲು ನೋಡುತ್ತಿದ್ದರು. ನಾನೊಬ್ಬ ಚಪ್ಪಲಿ ಕಳಚಿ, ಅಂಗಾಲು ಊರಿ, ಇದು ಎಂಜಿನ್ನಿನ ನಡುಕವೋ ಚಕ್ರ ತಿರುಗಿಸುವ ಶಾಫ್ಟಿನದೋ ಎಂದು ಯೋಚಿಸುತ್ತ ಕೂತೆ. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ, ಬೇರೆಯವರು ಮಾಡಿದ ಗೇರ್ ಚಕ್ರಗಳಲ್ಲಿ ತಪ್ಪು ಹುಡುಕಿಯೇ ಸಂಬಳ ತಿಂದವನು ನಾನು. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಕಣ್ಣು ಅಲುಗುವ ಫ್ಯಾನಿನತ್ತಲೇ ಹೋಗುತ್ತದೆ. "ಹೋಳಿಗಿ ಬಂದದ, ಕೆಳಗ ನೋಡ್ರಿ" ಎಂದು ಹೆಂಡತಿ ಮೊಣಕೈಯಿಂದ ತಿವಿಯುತ್ತಾಳೆ.

ಬಸ್ಸಿನ ಆ ನಡುಕಕ್ಕೆ ನನ್ನ ದೋಣಿ ನೆನಪಾಯಿತು, ದೋಣಿಯ ಜೊತೆಗೇ ಶೇಖರ.

ನಗಬೇಡಿ. ಸಮುದ್ರವಿಲ್ಲದ ಪುಣೆಯಲ್ಲಿ ದೋಣಿ ಯಾಕೆ ಎಂದು ನಿಮಗಿಂತ ಮೊದಲೇ ನನ್ನ ಹೆಂಡತಿ ಕೇಳಿ ದಣಿದಿದ್ದಾಳೆ. ನಿವೃತ್ತಿಯಾದ ವರ್ಷ, ಊರಾಚೆಯ ಒಂದು ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ, ಆರು ಜನ ಕೂಡುವ ಹಳೆಯ ಮೋಟಾರು ದೋಣಿ ಕೊಂಡೆ. ಎಂಜಿನ್ನು ದೋಣಿಯ ಒಳಗೆ, ನೀರು ತಳ್ಳುವ ಪಂಖ ಹಿಂದೆ, ಎರಡರ ನಡುವೆ ನನ್ನಷ್ಟುದ್ದದ ಉಕ್ಕಿನ ಶಾಫ್ಟ್. ಕೊಂಡ ದಿನದಿಂದಲೂ ಅದಕ್ಕೆ ಚಳಿಜ್ವರ ಬಂದಂತಿತ್ತು.

ದೋಣಿಗಳನ್ನು ಇಟ್ಟುಕೊಳ್ಳುವ ಅಲ್ಲಿನ ಯಾರ್ಡಿನಲ್ಲಿ ಶೇಖರ ಮೆಕ್ಯಾನಿಕ್. ಮಲ್ಪೆಯ ಕಡೆಯವನು. ಕಾತ್ರಜದಲ್ಲಿ ಅವನ ಮಾವನದೊಂದು ಹೋಟೆಲು. ಅಲ್ಲಿಗೆ ಕೆಲಸಕ್ಕೆಂದು ಬಂದು, ದೋಸೆಕಲ್ಲಿನ ಮುಂದೆ ಉಸಿರುಕಟ್ಟಿ, ಪುಣೆಯ ಸುತ್ತ ನೀರೆಲ್ಲಿದೆ ಎಂದು ವಿಚಾರಿಸಿಕೊಂಡು ಈ ದಂಡೆ ಸೇರಿದ್ದ. ನನ್ನ ದೋಣಿಯನ್ನು ಅವನು ಮೂರು ದಿನ ನೋಡಿದ. ಪಂಖದ ಬುಡಕ್ಕೆ ಸುತ್ತಿಕೊಂಡಿದ್ದ ಮೀನುಬಲೆಯ ನೂಲನ್ನು ಕತ್ತರಿಸಿ ತೆಗೆದ. ಎಸಳುಗಳನ್ನು ಒಂದೊಂದಾಗಿ ಸವರಿ ನೋಡಿದ. ಬೇರಿಂಗು ಅಲ್ಲಾಡುತ್ತದೆಯೇ ಎಂದು ಶಾಫ್ಟನ್ನು ಎತ್ತಿ ಇಳಿಸಿದ. ಕೊನೆಗೆ ದೋಣಿಯನ್ನು ನೀರಿಗಿಳಿಸಿ, ಒಂದು ದಿನ ಹಾಗೇ ಬಿಟ್ಟು, ಎಂಜಿನ್ನೂ ಶಾಫ್ಟೂ ಸೇರುವ ಕಪ್ಲಿಂಗಿನ ಬೋಲ್ಟು ಬಿಚ್ಚಿದ. ಅಲ್ಲಿನ ಎರಡು ಬಿಲ್ಲೆಗಳು ನೇರ ಎದುರುಬದುರಾಗಿ ಕೂಡದಿದ್ದರೆ ನಡುಕ ಹೋಗುವುದಿಲ್ಲ.

"ಯಾರ್ಡಿನೊಳಗ ಟ್ರಾಲಿ ಮ್ಯಾಲೆ ಇದ್ದಾಗನ ಮಾಡಬಹುದಿತ್ತಲ್ಲೋ" ಎಂದೆ.

"ಇಲ್ಲ ಸರ್. ದೋಣಿ ಟ್ರಾಲಿಯಲ್ಲಿ ಕೂತ್ಕೊಳ್ಳುವುದೇ ಬೇರೆ, ನೀರಲ್ಲಿ ಕೂತ್ಕೊಳ್ಳುವುದೇ ಬೇರೆ. ನೀರಿಗಿಳಿದ್ರೆ ಅದರ ಮೈ ಚೂರು ಬಾಗ್ತದೆ, ಮೇಲೆ ನೋಡಿದ ಅಳತೆ ನೀರಲ್ಲಿ ನಿಲ್ಲುದಿಲ್ಲ ಮಾರಾಯ್ರೆ."

ನಾನು ತಲೆಯಾಡಿಸಿದೆ. ನಂಬಲಿಲ್ಲ. ಅಳತೆಯ ಗೇಜು ಹಿಡಿದವನಿಗೆ ಸ್ಪ್ಯಾನರು ಹಿಡಿದವನು ಪಾಠ ಹೇಳುವುದನ್ನು ನಾನು ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ. ಆದರೆ ಸಂಜೆ ದೋಣಿ ಓಡಿದಾಗ, ಸೀಟಿನ ಮೇಲಿಟ್ಟ ಲೋಟದ ನೀರು ಕದಡಲಿಲ್ಲ.

ಎರಡು ತಿಂಗಳ ನಂತರ ತಳಕ್ಕೆ ಬಣ್ಣ ಹಚ್ಚಲು ದೋಣಿಯನ್ನು ಮೇಲೆತ್ತಿದ್ದರು. ಶೇಖರ ಊಟಕ್ಕೆ ಹೋಗಿದ್ದ. ನನ್ನ ಜೇಬಿನಲ್ಲಿ ಗೇಜಿತ್ತು, ಕೈ ಸುಮ್ಮನಿರಲಿಲ್ಲ. ಕಪ್ಲಿಂಗು ಬಿಚ್ಚಿ ಅಳೆದರೆ, ಬಿಲ್ಲೆಗಳ ನಡುವಿನ ಸಂದು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಆಗ ನನಗಾದದ್ದು ಬೇಸರವಲ್ಲ, ಖುಷಿ. ಸಿಕ್ಕಿಬಿದ್ದನಲ್ಲ ಎಂಬ ಖುಷಿ. ಎಂಜಿನ್ನಿನ ಕೆಳಗಿನ ನಟ್ಟುಗಳನ್ನು ತಿರುಗಿಸಿ, ಸುತ್ತಲೂ ಸಂದು ಸಮನಾಗುವವರೆಗೆ ಸರಿಮಾಡಿ, ಮತ್ತೆ ಬಿಗಿದೆ. ಯಾರಿಗೂ ಹೇಳಲಿಲ್ಲ.

ಆ ಭಾನುವಾರ ಬೆಳಗಾವಿಯಿಂದ ಬೀಗರು ದೇಸಾಯರು ಬಂದಿದ್ದರು. ದೋಣಿ ನೀರಿಗಿಳಿದ ಕೂಡಲೇ ಅವರನ್ನು ಹತ್ತಿಸಿಕೊಂಡು ಹೊರಟೆ. ನಡುನೀರಿಗೆ ಬರುವಷ್ಟರಲ್ಲಿ ಇಡೀ ದೋಣಿ ಗಡಗಡ ನಡುಗಿತು, ಒಳಗೆ ಏನೋ ಫಟ್ಟೆಂದಿತು, ಪಂಖ ನಿಂತಿತು. ಕಪ್ಲಿಂಗಿನ ಬೋಲ್ಟುಗಳು ತುಂಡಾಗಿದ್ದವು. ಶಾಫ್ಟಿನ ಬುಡದಿಂದ ನೀರು ಒಳಗೆ ಬರತೊಡಗಿತು. ದೇಸಾಯರು ಬಾಯಲ್ಲಿ ರಾಯರ ಹೆಸರು ಹೇಳುತ್ತ ಡಬ್ಬಿಯಿಂದ ನೀರು ಮೊಗೆದು ಚೆಲ್ಲಿದರು. ಇನ್ನೊಂದು ದೋಣಿ ಹಗ್ಗ ಕಟ್ಟಿ ನಮ್ಮನ್ನು ದಂಡೆಗೆ ಎಳೆದು ತಂದಿತು.

ಶೇಖರ ಒಳಗೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಸರ್, ದೋಣಿ ಮೇಲಿದ್ದಾಗ ಈ ನಟ್ಟು ನೀವು ಎಂತಾದ್ರೂ ಮುಟ್ಟಿದ್ರಾ?"

ಒಂದು ಪಕ್ಕ ಯಾರ್ಡಿನ ಮಾಲೀಕರು, ಇನ್ನೊಂದು ಪಕ್ಕ ಒದ್ದೆ ಧೋತರದ ದೇಸಾಯರು. ನನ್ನ ಇನ್‌ಸ್ಪೆಕ್ಷನ್ನಿನ ಪರಾಕ್ರಮವನ್ನೆಲ್ಲ ದೇಸಾಯರಿಗೆ ದಾರಿಯುದ್ದಕ್ಕೂ ಬಣ್ಣಿಸಿಕೊಂಡು ಬಂದಿದ್ದೆ.

"ಇಲ್ಲಪಾ" ಎಂದೆ.

ನಾಳೆಯಿಂದ ಬರಬೇಡ ಎಂದು ಮಾಲೀಕರು ಮರಾಠಿಯಲ್ಲಿ ಅವನಿಗೆ ಹೇಳಿದರು. ಶೇಖರ ನನ್ನ ಮುಖ ನೋಡಲಿಲ್ಲ. ಹೋಗುವ ಮೊದಲು, ಒಸರುತ್ತಿದ್ದ ನೀರು ನಿಲ್ಲುವಂತೆ ಶಾಫ್ಟಿನ ಬುಡವನ್ನು ಬಿಗಿಮಾಡಿ ಹೋದ.

ತಪ್ಪು ನನ್ನದೆಂದು ಆಗ ಪೂರ್ತಿ ಗೊತ್ತಿರಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಮುಂದಿನ ತಿಂಗಳು ಮುಂಬೈಯಿಂದ ಬಂದ ಮೆಕ್ಯಾನಿಕ್ ಕೂಡ ದೋಣಿಯನ್ನು ಒಂದು ದಿನ ನೀರಲ್ಲಿ ಬಿಟ್ಟು, ಆಮೇಲೇ ಕಪ್ಲಿಂಗಿಗೆ ಕೈಹಾಕಿದ. ಆವತ್ತಾದರೂ ಮಾಲೀಕರ ಬಳಿ ಹೋಗಬಹುದಿತ್ತು. ಹೋಗಲಿಲ್ಲ. ದೋಣಿ ಮಾರಿದೆ. ಶೇಖರ ಮಾವನ ಹೋಟೆಲಿಗೇ ಮರಳಿದನೆಂದು ತಿಳಿದ ಮೇಲೆ, ಧಾರವಾಡಕ್ಕೆ ಹೋಗುವಾಗಲೆಲ್ಲ ಬಸ್ಸು ಕಾತ್ರಜದಲ್ಲಿ ನಿಂತರೆ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಇಷ್ಟು ಹೇಡಿತನ ನನ್ನಲ್ಲಿದೆ ಎಂದು ಯಾವ ಗೇಜೂ ತೋರಿಸಿರಲಿಲ್ಲ.

ಮೊನ್ನೆ ಮಾತ್ರ ಇಳಿದೆ.

ಇಷ್ಟು ವರ್ಷಗಳಲ್ಲಿ ಅವನ ತಲೆ ನೆರೆತಿತ್ತು. ದೋಸೆಕಲ್ಲಿನ ಮುಂದೆ ನಿಂತಿದ್ದವನು ನನ್ನನ್ನು ಕಂಡು, ಹೊರಗೆ ಬಂದು, ಕೂರಿಸಿ, ತಾನೇ ಚಹಾ ತಂದಿಟ್ಟ.

"ಶೇಖರ, ಅವತ್ತು ನಟ್ ಮುಟ್ಟಿದಾಂವ ನಾನ. ಸುಳ್ಳು ಹೇಳಿದೆ. ಭಾಳ ತಪ್ಪಾತು."

"ಗೊತ್ತುಂಟು ಸರ್" ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದವನಿಗೆ ಹೇಳಿ ಎಂತ ಮಾಡುದು? ಗೊತ್ತಿಲ್ಲದವರಿಗೆ ಹೇಳಬೇಕಿತ್ತು."

ದೋಸೆ ಸೀಯುತ್ತದೆಂದು ಒಳಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ.

ಯಾರ್ಡಿನ ಮಾಲೀಕರು ತೀರಿಕೊಂಡಿದ್ದಾರೆ. ಅಂದು ದಂಡೆಯಲ್ಲಿ ನಿಂತು ನನ್ನ ಸುಳ್ಳನ್ನು ಕೇಳಿದವರಲ್ಲಿ ಉಳಿದವರು ದೇಸಾಯರೊಬ್ಬರೇ. ಬಸ್ ಸ್ಟಾಪಿನಲ್ಲಿ ನಿಂತೇ ಅವರಿಗೆ ಫೋನು ಮಾಡಿದೆ. ಕುಶಲ ಕೇಳಿ, ಅವತ್ತಿನ ದೋಣಿ ನೆನಪಿದೆಯೇ ಎಂದೆ.

"ಅಯ್ಯ, ಮರೀಲಿಕ್ಕೆ ಹೆಂಗ ಆಗ್ತದರಿ!" ಎಂದು ನಕ್ಕರು. "ಆ ಕೆಲಸಾ ಬರಲಾರದ ಮೆಕ್ಯಾನಿಕ್, ನಮ್ಮನ್ನ ಮುಳುಗಸ್ಲಿಕ್ಕೆ ನಿಂತಿದ್ದ ನೋಡ್ರಿ. ಈಗ್ಲೂ ಮಂದಿಗೆ ಹೇಳ್ತಿರ್ತೀನಿ."

"ಕೆಲಸಾ ಬರಲಾರದಾಂವ ಅವ ಅಲ್ಲರಿ" ಎಂದೆ. "ನಾನು."

ಆ ಕಡೆ ನಗು ನಿಂತಿತು. ಬಸ್ಸು ಬಂತು, ಹೋಯಿತು. ನಾನು ಹತ್ತದೆ, ಮೊದಲಿನಿಂದ ಹೇಳತೊಡಗಿದೆ.