ಏಳು ತಿಂಗಳ ಕೂಸಿನ ನೆಪ

ಹಲಸೂರು ಕೆರೆ ಪಕ್ಕದ ಪಾರ್ಕಿನಲ್ಲಿ ಐದು ವರ್ಷದ ನನ್ನ ಮಗ, ಜಾರುಬಂಡೆಯ ಸಾಲಿನಲ್ಲಿ ತನ್ನ ಮುಂದೆ ನಿಂತಿದ್ದ ಹುಡುಗಿಯನ್ನು ತಳ್ಳಿಬಿಟ್ಟ. ಅವಳು ಮಣ್ಣಿಗೆ ಬಿದ್ದಳು. ಅವಳ ಅಜ್ಜಿ ಬೆಂಚಿನಿಂದ ಎದ್ದು ಬರುವಷ್ಟರಲ್ಲಿ ನಾನೂ ಓಡಿದೆ. ಇಂಥ ಹೊತ್ತಿಗೆಂದೇ ನನ್ನ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಿರುತ್ತಿತ್ತು. ಶಾಲೆಯ ಮಿಸ್‌ಗೂ, ಮೆಟ್ರೊದಲ್ಲಿ ಅವನಿಂದ ಒದೆ ತಿಂದವರಿಗೂ ಅದನ್ನೇ ಹೇಳಿದ್ದೆ. ಆದರೆ ಆ ದಿನ ನಾನು ಬಾಯಿ ತೆರೆಯುವ ಮೊದಲೇ ಮಗ ಸೊಂಟಕ್ಕೆ ಕೈಯಿಟ್ಟುಕೊಂಡು ಹೇಳಿದ:

“ನಾನು ಏಳ್ ತಿಂಗಳಿಗೇ ಹುಟ್ಟಿದ್ದು. ಗಾಜಿನ ಪೆಟ್ಟಿಗೇಲಿದ್ದೆ. ನನ್ನ ಯಾರೂ ಬೈಬಾರ್ದು.”

ನನ್ನದೇ ಮಾತು, ನನ್ನದೇ ರಾಗ. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಹುಡುಗಿ ಫ್ರಾಕಿನ ಮಣ್ಣು ಕೊಡವಿಕೊಂಡು ಎದ್ದಳು. “ನಾನೂ ಏಳ್ ತಿಂಗಳಿಗೇ ಹುಟ್ಟಿದ್ದು! ನಾನೂ ಪೆಟ್ಟಿಗೇಲಿದ್ದೆ. ಸಾರಿ ಹೇಳು, ಹಿಂದೆ ಹೋಗಿ ನಿಂತ್ಕೋ.”

ನಾನು ಅಜ್ಜಿಯ ಮುಖ ನೋಡಿದೆ. ಅವರು ನಗುತ್ತಾ, ಹೌದೆಂದು ತಲೆಯಾಡಿಸಿದರು. ಮಗ ಎಂದಿನಂತೆ ನನ್ನತ್ತ ತಿರುಗಿದ. ಮೊದಲ ಬಾರಿಗೆ ನಾನು ಅವನ ನೆರವಿಗೆ ಹೋಗಲಿಲ್ಲ. ಅವನು ಚೀರಲಿಲ್ಲ, ಕಚ್ಚಲಿಲ್ಲ. ಸಾರಿ ಎಂದು ಗೊಣಗಿ, ಸಾಲಿನ ಕೊನೆಗೆ ಹೋಗಿ ನಿಂತ. ಸರದಿ ಬಂದಾಗ ಕೇಕೆ ಹಾಕುತ್ತಾ ಜಾರಿದ.

ಅವನು ಹುಟ್ಟಿದಂದಿನಿಂದ ಬಿಗಿಹಿಡಿದಿದ್ದ ಉಸಿರನ್ನು ನಾನು ಆಗ ಬಿಟ್ಟೆ. ಆಸ್ಪತ್ರೆಯವರು ಅವನನ್ನು ಗಾಜಿನ ಪೆಟ್ಟಿಗೆಯಿಂದ ಎಂದೋ ಹೊರಗೆ ತೆಗೆದಿದ್ದರು. ನಾನು ತೆಗೆದದ್ದು ಆ ಸಂಜೆ.