ಬ್ರೇಕಿಗೆ ಎಣ್ಣೆ ಹಾಕಿದವರು ಯಾರು?

ಕಳೆದ ವಾರ ನಾನು ಒಬ್ಬನ ಕೈ ಮುರಿದೆ.

ಹೊಡೆದಾಟ ಅಂದುಕೊಳ್ಳಬೇಡಿ. ನನ್ನಂಥ ನರಪೇತಲ ಯಾರನ್ನು ಹೊಡೆದಾನು? ನಾನು ಮುರಿದದ್ದು ಪೂಜೆ ಮಾಡಿ. ಅದೂ ಭಕ್ತಿಯಿಂದ, ಮಡಿಯಲ್ಲಿ, ಅರ್ಧ ಡಬ್ಬಿ ಎಣ್ಣೆ ಸುರಿದು.

ಈ ಅಂಕಣ ಓದುವವರಿಗೆ ನನ್ನ ಹೊಟ್ಟೆಪಾಡು ಗೊತ್ತೇ ಇದೆ. ವಾರಕ್ಕೊಂದು ದಿನ ಬರೆಯುತ್ತೇನೆ. ಉಳಿದ ಆರು ದಿನ ಸಾಂತಾಕ್ರೂಜ್‌ನಲ್ಲಿ ಏಳುತ್ತಿರುವ ಒಂದು ಹೌಸಿಂಗ್ ಸೊಸೈಟಿಯ ಸೈಟಿನಲ್ಲಿ ಸ್ಟೋರ್‌ಕೀಪರ್. ಪರ್ಮಿಟ್ಟಿನ ಸಿಮೆಂಟು ಬಂತೇ, ಕಬ್ಬಿಣ ಬಂತೇ, ಬಂದದ್ದು ಬಂದಲ್ಲೇ ಇದೆಯೇ ಎಂದು ನೋಡುವ ಕೆಲಸ. (ಇಲ್ಲದಿದ್ದರೆ ಬೈಸಿಕೊಳ್ಳುವುದೂ ನನ್ನದೇ ಕೆಲಸ.) ಸೈಟಿನಲ್ಲಿ ಇಂಗ್ಲಿಷ್ ಕಾಗದ ಬಂದರೆ ಓದಿ ಹೇಳುವವನೂ ನಾನೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನನ್ನು ಬೈಯಲು ಬೇಕಾಗುತ್ತದೆ.

ಮೇಲಿನ ಮಹಡಿಗಳಿಗೆ ಸಾಮಾನು ಏರಿಸಲು ನಮ್ಮಲ್ಲಿ ಕೈಯಿಂದ ತಿರುಗಿಸುವ ವಿಂಚ್ ಇದೆ. ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಉರುಳೆ, ಅದಕ್ಕೆ ಸುತ್ತಿದ ತಂತಿ ಹಗ್ಗ, ಪಕ್ಕದಲ್ಲೊಂದು ಹ್ಯಾಂಡಲ್. ಹಗ್ಗ ಮೇಲೆ ತೊಲೆಗೆ ಕಟ್ಟಿದ ಗಾಲಿಯ ಮೇಲೆ ಹಾದು ಕೆಳಗಿಳಿದು ಕಬ್ಬಿಣದ ತೊಟ್ಟಿಯೊಂದನ್ನು ಹಿಡಿದಿರುತ್ತದೆ. ಹ್ಯಾಂಡಲ್ ತಿರುಗಿಸಿದರೆ ತೊಟ್ಟಿ ಏರುತ್ತದೆ. ಬಾವಿಯ ರಾಟೆಗೆ ದೊಡ್ಡಣ್ಣ ಅನ್ನಿ.

ತಿರುಗಿಸುವವನು ಯಮನಪ್ಪ, ವಿಜಾಪುರದ ಕಡೆಯವನು. ತೊಟ್ಟಿ ತುಂಬುವವಳು ಅವನ ಹೆಂಡತಿ ಗಂಗವ್ವ. ಇಬ್ಬರ ವಾಸ ಸೈಟಿನ ಮೂಲೆಯಲ್ಲಿ, ಕಂಟ್ರಾಕ್ಟರ್ ಸೇಠ್ ಕೊಟ್ಟ ತಗಡುಗಳ ಜೋಪಡಿಯಲ್ಲಿ. ಕೆಲಸ ಇರುವಷ್ಟು ದಿನ ಸೂರು. ಕೆಲಸ ಹೋದರೆ ಸೂರೂ ಹೋಯಿತು. ಬೇರೆಯವರಿಗೆ ನಾಲ್ಕು ಮಹಡಿ ಕಟ್ಟಿಕೊಡುವವರಿಗೆ ಈ ಊರಿನಲ್ಲಿ ಇರುವ ಕಾನೂನು ಇಷ್ಟೇ.

ಹಳೆಯ ವಿಂಚ್ ಒಂದು ರಾಕ್ಷಸ. ಕೈ ಜಾರಿತೋ, ಭಾರವೆಲ್ಲ ಧಡ್ ಎಂದು ಕೆಳಗೆ, ಹ್ಯಾಂಡಲ್ ಗಿರಗಿರನೆ ಹಿಂದಕ್ಕೆ. ಯಮನಪ್ಪನ ಮುಂದಿನ ಎರಡು ಹಲ್ಲು ಹೋದದ್ದು ಹಾಗೆಯೇ. ಈ ಮಳೆಗಾಲ ಮುಗಿಯುವ ಹೊತ್ತಿಗೆ ಸೇಠ್ ಮನಸ್ಸು ಮಾಡಿ ಹೊಸದು ತರಿಸಿದರು.

ಅದರ ಜೊತೆ ಕಂಪನಿಯ ಮನುಷ್ಯ ಟೈ ಕಟ್ಟಿಕೊಂಡು ಬಂದಿದ್ದ. ತೊಟ್ಟಿಗೆ ಇಟ್ಟಿಗೆ ತುಂಬಿಸಿದ, ಎರಡಾಳೆತ್ತರ ಏರಿಸಿದ, ಹ್ಯಾಂಡಲಿನಿಂದ ಎರಡೂ ಕೈ ತೆಗೆದ. ಆಮೇಲೆ ಆರಾಮಾಗಿ ಜೇಬಿನಿಂದ ಸಿಗರೇಟು ತೆಗೆದು ಹಚ್ಚಿದ. ತೊಟ್ಟಿ ಇದ್ದಲ್ಲೇ ನಿಂತಿತ್ತು! ಕೈ ಬಿಟ್ಟ ಕ್ಷಣವೇ ಬ್ರೇಕು ತಾನಾಗಿ ಹಿಡಿದುಕೊಳ್ಳುತ್ತದಂತೆ. ಭಾರ ಹೆಚ್ಚಿದಷ್ಟೂ ಹಿಡಿತ ಬಿಗಿಯಂತೆ. ಇಳಿಸಬೇಕಾದರೂ ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿಯೇ ಇಳಿಸಬೇಕು, ತಾನಾಗಿ ಇಳಿಯುವುದಿಲ್ಲ.

ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಯಮನಪ್ಪ ಮಾತ್ರ ನಂಬಲಿಲ್ಲ.

"ಅವರ ಮಾತ ಕೇಳತೈತ್ರಿ ಅದು. ನನ್ನ ಮಾತ ಕೇಳಬೇಕಲ್ರಿ?" ಅಂದ.

ಅಂದವನು ಹೊಸ ವಿಂಚನ್ನೂ ಹಳೆಯದರಂತೆಯೇ ಎರಡೂ ಕೈಯಲ್ಲಿ ಬಿಗಿಹಿಡಿದು ನಿಲ್ಲತೊಡಗಿದ. ಬೆವರು ಕಣ್ಣಿಗಿಳಿದರೂ ಒರೆಸುತ್ತಿರಲಿಲ್ಲ. ಮೂಗು ತುರಿಸಿದರೆ ಹೆಂಡತಿಯನ್ನು ಕೂಗುತ್ತಿದ್ದ. ತೊಟ್ಟಿ ಮೇಲಿರುವಾಗ ಅವಳು ಅದರ ಕೆಳಗೆ ಸುಳಿಯುವಂತಿರಲಿಲ್ಲ. ಸುಳಿದರೆ ಅವಳ ತವರಿನ ಏಳು ತಲೆಮಾರಿಗೂ ಪೂಜೆ ಆಗುತ್ತಿತ್ತು.

ನನಗೋ, ಇನ್ನೊಬ್ಬರ ಕೆಲಸದಲ್ಲಿ ಮೂಗು ತೂರಿಸದಿದ್ದರೆ ಅನ್ನ ಅರಗುವುದಿಲ್ಲ. "ಏನಯ್ಯಾ, ವಿಂಚಿಗೆ ತಾಳಿ ಕಟ್ಟಿದ್ದೀಯಾ? ಹಿಡಿದ ಕೈ ಬಿಡೋದೇ ಇಲ್ಲವಲ್ಲ!" ಎಂದು ದಿನಾ ರೇಗಿಸುತ್ತಿದ್ದೆ. ಗಂಗವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಅವನೂ ನಗುತ್ತಿದ್ದ. ಕೈ ಮಾತ್ರ ಬಿಡುತ್ತಿರಲಿಲ್ಲ.

ವಿಂಚಿನ ಜೊತೆ ಒಂದು ಪುಟ್ಟ ಇಂಗ್ಲಿಷ್ ಪುಸ್ತಕವೂ ಬಂದಿತ್ತು. ನಾನೇ ಓದಿದೆ. ಹಲ್ಲುಚಕ್ರಗಳಿಗೆ ತಪ್ಪದೆ ಎಣ್ಣೆ ಹಾಕಿ ಎಂದಿತ್ತು. ಬ್ರೇಕಿನ ಪಟ್ಟಿ ಒಣಗಿರಬೇಕು, ಅದಕ್ಕೆ ಎಣ್ಣೆ ಸೋಕಕೂಡದು ಎಂದೂ ಇತ್ತು. ಓದಿದ್ದೇನೋ ನಿಜ. ಆದರೆ ತಲೆಯಲ್ಲಿ ಉಳಿದದ್ದು ಮೊದಲಿನ ವಾಕ್ಯ ಮಾತ್ರ.

ಅಷ್ಟರಲ್ಲಿ ಆಯುಧಪೂಜೆ ಬಂತು. ಯಮನಪ್ಪನ ಕಡೆ ಖಂಡೆಪೂಜೆ ಅನ್ನುತ್ತಾರೆ. ಬೆಳಿಗ್ಗೆ ವಿಂಚನ್ನು ತಿಕ್ಕಿ ಒರೆಸಿ, ವಿಭೂತಿ ಬಳಿದು, ಚೆಂಡುಹೂವಿನ ಸರ ಹಾಕಿ, ಕಾಯಿ ಒಡೆಯಲು ನನ್ನನ್ನು ಕರೆದ. ಅವನ ಲೆಕ್ಕದಲ್ಲಿ ನಾನು ಹಿರಿಯ.

ನಾನು ಮೈಸೂರಿನವನು. ಆಯುಧಪೂಜೆಯ ವಿಷಯದಲ್ಲಿ ನನಗೆ ಹೇಳಿಕೊಡುವವರುಂಟೇ? ನಮ್ಮ ತಂದೆ ಆ ದಿನ ಸೈಕಲ್ಲು, ಹೊಲಿಗೆ ಮಿಷನ್ನು, ಈಳಿಗೆಮಣೆ ಎಲ್ಲಕ್ಕೂ ಎಣ್ಣೆ ಕುಡಿಸುತ್ತಿದ್ದರು. ಒಂದು ವರ್ಷ ಗೋಡೆ ಗಡಿಯಾರಕ್ಕೂ ಕುಡಿಸಿದರು. (ಅದು ಅಂದೇ ನಿಂತಿತು. ನನಗೆ ಅದರಿಂದಲಾದರೂ ಬುದ್ಧಿ ಬರಬೇಕಿತ್ತು.)

"ಎಣ್ಣೆ ಎಲ್ಲಯ್ಯಾ?" ಅಂದೆ.

"ಹಲ್ಲಿಗೆ ಮೊನ್ನೇನ ಬಿಟ್ಟೀನ್ರಿ. ಇಷ್ಟ ಸಾಕಲ್ರಿ?"

"ಏನು ಸಾಕು? ವರ್ಷಕ್ಕೊಂದು ದಿನ ಅದಕ್ಕೂ ಅಭ್ಯಂಜನ ಬೇಡವೇ?"

ಸ್ಟೋರಿನಿಂದ ಡಬ್ಬಿ ತಂದೆ. ಪಕ್ಕದ ದುಂಡನೆಯ ಮುಚ್ಚಳ ನಾನೇ ಬಿಚ್ಚಿದೆ. ಒಳಗೆ ಪಟ್ಟಿ ಒಣಒಣಗಿ ಕಂಡಿತು. ಅಯ್ಯೋ ಪಾಪ ಅನಿಸಿತು. ಸುರಿದೆ.

ಹಬ್ಬ ಮುಗಿದು ಕೆಲಸ ಶುರುವಾದ ದಿನ ಮೂರನೆಯ ಮಹಡಿಗೆ ನೆಲಕ್ಕೆ ಹಾಸುವ ಲಾದಿ ಕಲ್ಲುಗಳು ಹೋಗಬೇಕಿತ್ತು. ಗಂಗವ್ವ ತೊಟ್ಟಿ ತುಂಬಿ ಪಕ್ಕಕ್ಕೆ ಸರಿದಳು. ಯಮನಪ್ಪ ತಿರುಗಿಸಿದ. ತೊಟ್ಟಿ ಎರಡನೆಯ ಮಹಡಿ ದಾಟುವಾಗ ನಾನು ಪೇಡೆಯ ಡಬ್ಬಿ ಹಿಡಿದುಕೊಂಡು ಬಂದೆ. ಮನೆಯಲ್ಲಿ ಪೂಜೆಗಿಟ್ಟ ಪೇಡೆ, ಎಲ್ಲರಿಗೂ ಹಂಚುತ್ತಿದ್ದೆ. ಯಮನಪ್ಪ ತಿರುಗಿಸುವುದನ್ನು ನಿಲ್ಲಿಸಿ, ಎಡಗೈಯಲ್ಲಿ ಹ್ಯಾಂಡಲ್ ಒತ್ತಿ ಹಿಡಿದು, ಬಲಗೈ ಒಂದನ್ನೇ ಚಾಚಿದ.

"ಪ್ರಸಾದ ಕಣಯ್ಯ! ಯಾರಾದರೂ ಒಂದು ಕೈಯಲ್ಲಿ ಇಸ್ಕೋತಾರಾ?"

"ತೊಟ್ಟಿ ಮ್ಯಾಲ ಐತ್ರಿ, ಸಾಹೇಬ್ರ."

"ಇದ್ದರೆ ಇರಲಿ. ಬ್ರೇಕು ಇರೋದು ಯಾತಕ್ಕೆ? ಬಿಡು ಕೈ."

ವಿಂಚಿನ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ನನ್ನ ಮೇಲಿತ್ತು, ಪ್ರಸಾದದ ಮೇಲಿತ್ತು. ಎಡಗೈಯನ್ನೂ ತೆಗೆದು ಬಲಗೈಯ ಕೆಳಗಿಟ್ಟು ಬೊಗಸೆ ಒಡ್ಡಿದ.

ಒಂದು ಉಸಿರಿನಷ್ಟು ಹೊತ್ತು ತೊಟ್ಟಿ ನಿಂತಿತು. ಆಮೇಲೆ ಹ್ಯಾಂಡಲ್ ತಾನಾಗಿ ಮೆಲ್ಲಗೆ ಒಂದು ಸುತ್ತು ಹಿಂದಕ್ಕೆ ತಿರುಗಿತು. ಇನ್ನೊಂದು ಸುತ್ತು. ನಾನು ಪೆದ್ದನ ಹಾಗೆ ನೋಡುತ್ತಲೇ ಇದ್ದೆ. ಆಗ ಗಂಗವ್ವ, ತೊಟ್ಟಿ ನಿಂತಿತಲ್ಲ ಎಂದೋ ಏನೋ, ಕೆಳಗೆ ಬಿದ್ದಿದ್ದ ಒಂದು ಲಾದಿಯನ್ನು ಎತ್ತಿಕೊಳ್ಳಲು ಹೊರಟಿದ್ದಳು.

"ಗಂಗೀ, ಸರೀ!" ಎಂದು ಕಿರುಚಿ ಯಮನಪ್ಪ ಹ್ಯಾಂಡಲಿಗೆ ತೋಳು ಕೊಟ್ಟ. ಬಿಟ್ಟು ಓಡಬಹುದಿತ್ತು. ಓಡಲಿಲ್ಲ, ಅಲ್ಲಿ ಹೆಂಡತಿ ಇದ್ದಳು. ಹ್ಯಾಂಡಲ್ ಅವನ ತೋಳಿಗೆ ಬಡಿದು ಅರೆಗಳಿಗೆ ತಡೆಯಿತು. ಅಷ್ಟರಲ್ಲಿ ಅವಳು ಹಿಂದಕ್ಕೆ ಹಾರಿದಳು. ತೊಟ್ಟಿ ನೆಲಕ್ಕಪ್ಪಳಿಸಿ ಲಾದಿಗಳೆಲ್ಲ ಚೂರಾದವು. ಯಮನಪ್ಪನ ಬಲಗೈ ಮೊಣಕೈಯ ಕೆಳಗೆ ಜೋತು ಬಿದ್ದಿತ್ತು.

ಅವನನ್ನು ಮರಳಿನ ಗುಡ್ಡೆಯ ಮೇಲೆ ಕೂರಿಸಿ, ಟ್ಯಾಕ್ಸಿ ತರಲು ಒಬ್ಬನನ್ನು ಓಡಿಸಿದೆವು. ಟ್ಯಾಕ್ಸಿಗಿಂತ ಮೊದಲು ಸೇಠ್ ಕಾರು ಬಂತು. ಸೇಠ್ ನೇರ ವಿಂಚಿನ ಹತ್ತಿರ ಹೋಗಿ ಮುಚ್ಚಳ ಬಿಚ್ಚಿಸಿ ಒಳಗೆ ಬೆರಳಾಡಿಸಿದರು. ಬೆರಳಿನಿಂದ ಎಣ್ಣೆ ತೊಟ್ಟಿಕ್ಕಿತು.

"ತೇಲ್ ಕಿಸ್ನೆ ಡಾಲಾ?"

ಎಣ್ಣೆ ಹಾಕಿದವರು ಯಾರು? ಪೇಡೆಯ ಡಬ್ಬಿ ಇನ್ನೂ ನನ್ನ ಕೈಯಲ್ಲೇ ಇತ್ತು. ಗೋರೆಗಾಂವಿನ ನನ್ನ ಒಂದೂವರೆ ಕೋಣೆ, ಹೆಂಡತಿ, ಇಬ್ಬರು ಮಕ್ಕಳು ಕಣ್ಣೆದುರು ಬಂದರು. ಯಮನಪ್ಪ ನನ್ನ ಮುಖ ನೋಡಿದ. ಆಮೇಲೆ ಸೇಠ್ ಕಡೆ ತಿರುಗಿ, "ಮೈನೇ ಡಾಲಾ, ಸೇಠ್" ಅಂದ. ತಾನೇ ಹಾಕಿದ್ದು ಅಂತ.

"ಅಂಗೂಠಾ ಛಾಪ್!" ಸೇಠ್ ಕೂಗಾಡಿದರು. ಹೆಬ್ಬೆಟ್ಟಿನವರ ಕೈಗೆ ಮಷಿನ್ ಕೊಟ್ಟದ್ದೇ ತಪ್ಪು, ನಾಳೆಯಿಂದ ಈ ಕಡೆ ತಲೆ ಹಾಕಬೇಡ ಎಂದರು.

ನಾನೇನು ಮಾಡಿದೆ? "ಸೇಠ್, ಮೊದಲು ಆಸ್ಪತ್ರೆಗೆ ಕಳಿಸೋಣ" ಎಂದೆ. ಎಂಥ ಕರುಣಾಳು ನೋಡಿ ನಾನು! ಟ್ಯಾಕ್ಸಿಯ ಬಾಗಿಲು ಕೂಡ ನಾನೇ ತೆಗೆದೆ.

ಮರುದಿನ ಲೋಕಲ್‌ನಲ್ಲಿ ಜೋತಾಡುತ್ತ, ಹೇಳಬೇಕಾದ ಮಾತನ್ನು ಹಿಂದಿಯಲ್ಲಿ ಹತ್ತು ಸಲ ಬಾಯಿಪಾಠ ಮಾಡಿದೆ. ಸೇಠ್ ಎದುರು ನಿಂತು ಹೇಳಿಯೇಬಿಟ್ಟೆ. ಎಣ್ಣೆ ಹಾಕಿದ್ದು ನಾನು. ಸಾಕು ಅಂದವನು ಅವನು. ಪುಸ್ತಕ ಓದಿದವನೂ ನಾನೇ.

ಸೇಠ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಕ್ಕರು!

"ಅರೇ, ಪಢೇ-ಲಿಖೇ ಆದ್ಮೀ ಹೋಕರ್! ಚಲೋ, ಹೋ ಜಾತಾ ಹೈ." ಓದಿದವರಾಗಿ ಹೀಗಾ, ಹೋಗಲಿ, ಆಗುತ್ತೆ ಅಂತ. ಅದರ ಮೇಲೆ ಒಂದು ಚಹಾ ತರಿಸಿದರು.

ಅದೇ ಎಣ್ಣೆ, ಅದೇ ಬ್ರೇಕು. ಅವನು ಹಾಕಿದರೆ ಮೂರ್ಖತನ, ನಾನು ಹಾಕಿದರೆ ಮರೆವು. ಓದು ಬಾರದವನಿಗೆ ಕೆಲಸ ಹೋಯಿತು, ಓದಿಯೂ ಮಾಡಿದವನಿಗೆ ಚಹಾ ಬಂತು. ಇದ್ಯಾವ ನ್ಯಾಯ ಸ್ವಾಮಿ? ನಾನು ಆ ಚಹಾವನ್ನು ಕುಡಿದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಕುಡಿದು, ಯಮನಪ್ಪನನ್ನು ವಾಪಸು ಕರೆಯಲೇಬೇಕು ಎಂದು ಹಟ ಹಿಡಿದೆ. ಪ್ಲಾಸ್ಟರ್ ಬಿಚ್ಚುವವರೆಗೆ ಗೇಟಿನಲ್ಲಿ ವಾಚ್‌ಮನ್ ಆಗಿ ಕೂರಲಿ, ಸಂಬಳ ಸಿಗುತ್ತದೆ ಎಂದು ಸೇಠ್ ಒಪ್ಪಿದರು. ವಿಂಚಿನದೇನೂ ಚಿಂತೆಯಿಲ್ಲ. ಆಮೇಲೊಂದು ದಿನ ಕಂಪನಿಯ ಮನುಷ್ಯ ಬಂದು ಪಟ್ಟಿ ಬದಲಾಯಿಸಿ, ಮತ್ತೆ ಎರಡೂ ಕೈ ಬಿಟ್ಟು ತೋರಿಸಿ ಹೋದ.

ವಾಚ್‌ಮನ್ ಕೆಲಸದ ಶುಭವಾರ್ತೆ ಹೇಳೋಣವೆಂದು ಅಂದೇ ಜೋಪಡಿಯ ಕಡೆ ಹೋದರೆ ಜೋಪಡಿಯೇ ಇಲ್ಲ. ಹಿಂದಿನ ಸಂಜೆಯೇ ತಗಡು ಬಿಚ್ಚಿಸಿದ್ದರು. ಮೂರು ಕಲ್ಲಿನ ಒಲೆ ಮಾತ್ರ ಉಳಿದಿತ್ತು. ಆಸ್ಪತ್ರೆಯಿಂದ ಬಂದವರು ಪಾತ್ರೆಪಡಗ ಹೊತ್ತುಕೊಂಡು ಧಾರಾವಿಯಲ್ಲಿರುವ ಗಂಗವ್ವನ ಅಣ್ಣನ ಮನೆಗೆ ಹೋದರು ಎಂದು ಗಾರೆಯವರು ಹೇಳಿದರು. ಮತ್ತೆ ಸೇಠ್ ಹತ್ತಿರ ಹೋಗಿ ತಗಡಿಗೂ ಒಪ್ಪಿಸಿದೆ.

ಮಧ್ಯಾಹ್ನ ಹುಡುಕಿಕೊಂಡು ಹೋದೆ. ಚರ್ಮದ ಕಾರ್ಖಾನೆಯ ಮೇಲೊಂದು ಅಟ್ಟ, ಏಣಿ ಹತ್ತಿ ಹೋಗಬೇಕು. ಅಣ್ಣನ ಸಂಸಾರದ ಐದು ಜನ, ಇವರಿಬ್ಬರು. ಯಮನಪ್ಪ ಗೋಡೆಗೊರಗಿದ್ದ. ನನ್ನನ್ನು ಕಂಡವನೇ ಪ್ಲಾಸ್ಟರಿನ ಕೈ ಎದೆಗೊತ್ತಿಕೊಂಡು ಎದ್ದು ನಿಂತ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಎಲ್ಲ ಹೇಳಿದೆ. ಕೇಳಿ ಅವನು ಗಾಬರಿಯಾದ.

"ಯಾಕ ಹೇಳಾಕ ಹೋದ್ರಿ? ನಿಮ್ಮ ನೌಕರಿಗೇನೂ ಆಗಿಲ್ಲ ಹೌದಿಲ್ಲೋ?"

"ನನಗೇನೂ ಆಗಿಲ್ಲ ಕಣಯ್ಯ. ನಿನಗೂ ಕೆಲಸ ಇದೆ, ತಗಡು ಮತ್ತೆ ಹಾಕಿಸಿಕೊಡ್ತಾರೆ. ಇವತ್ತೇ ಬನ್ನಿ" ಅಂದೆ. ಅನ್ನುವಾಗ, ನಿಜ ಹೇಳಿ ಬಂದವನ ಗತ್ತು ನನ್ನ ಮುಖದ ಮೇಲೆ ಸ್ವಲ್ಪ ಇತ್ತೆಂದು ಕಾಣುತ್ತದೆ. ಒಂದು ಒಳ್ಳೆಯ ಮಾತು ಬರುತ್ತದೆ ಎಂದು ಕಾಯುತ್ತಿದ್ದೆನೋ ಏನೋ.

ಗಂಗವ್ವ ಚಹಾದ ಲೋಟ ನನ್ನ ಮುಂದಿಟ್ಟಳು.

"ಇವತ್ತ ಹೇಳಿದ್ದು, ನಿನ್ನೆ ಯಾಕ ಹೇಳಲಿಲ್ರಿ?"